ಮೇಲ್ ಬರಬೇಕು, ಫೋನೂ ಬಾಳಬೇಕು

2003ರಿಂದ 2008ರವರೆಗಿನ ಐದಾರು ವರ್ಷ, ಫೋನ್ ಆರಿಸುವುದು ನಿಜವಾಗಲೂ ತಲೆ ಕೆಡಿಸಿಕೊಳ್ಳುವ ಕೆಲಸವಾಗಿತ್ತು. ಈಗ ಯಾವ ಫೋನ್ ತಗೊಂಡರೂ ಎದುರಿಗೆ ಒಂದು ಗಾಜು, ಒಳಗೆ ಎರಡರಲ್ಲಿ ಒಂದು ಆಪರೇಟಿಂಗ್ ಸಿಸ್ಟಂ. ಮೇಲ್ ಎಲ್ಲದರಲ್ಲೂ ಬರುತ್ತೆ. ಆಗ ಹಾಗಿರಲಿಲ್ಲ. ಒಂದರಲ್ಲಿ ಪೂರ್ತಿ ಕೀಬೋರ್ಡ್, ಇನ್ನೊಂದರಲ್ಲಿ ಸ್ಟೈಲಸ್ ಹಿಡಿದು ಒತ್ತುವ ಪರದೆ. ಮತ್ತೊಂದು ಪೆನ್ಸಿಲ್ ಡಬ್ಬಿಯ ಹಾಗೆ ಅಡ್ಡಕ್ಕೆ ತೆರೆದುಕೊಳ್ಳುತ್ತಿತ್ತು. ಬ್ಲ್ಯಾಕ್‌ಬೆರಿ, ಪಾಮ್, ಮೈಕ್ರೋಸಾಫ್ಟ್‌ನ ವಿಂಡೋಸ್ ಮೊಬೈಲ್, ನೋಕಿಯಾ ಫೋನ್‌ಗಳ ಸಿಂಬಿಯನ್, ಹೀಗೆ ಒಂದೊಂದರದ್ದೂ ಒಂದೊಂದು ದಾರಿ. ಒಂದರಲ್ಲಿ ಸಲೀಸಾಗಿ ಆಗುವ ಕೆಲಸ ಇನ್ನೊಂದರಲ್ಲಿ ಆಗುತ್ತಲೇ ಇರಲಿಲ್ಲ.

ಆಗ ಎಲ್ಲರೂ ಎರಡು ಪ್ರಶ್ನೆ ಕೇಳುತ್ತಿದ್ದರು. ಮೇಲ್ ಸರಿಯಾಗಿ ಬರುತ್ತಾ? ಗಟ್ಟಿಮುಟ್ಟಾಗಿದೆಯಾ? ಇವೆರಡು ಬೇರೆ ಬೇರೆ ಅಂತಲೇ ಎಲ್ಲರ ಎಣಿಕೆ. ಎರಡಕ್ಕೂ ಬೇರೆ ಬೇರೆ ಅಂಕ ಕೊಟ್ಟು ಕೂಡಿಸುವವರೂ ಇದ್ದರು. ನನಗೆ ಮಾತ್ರ ಇವೆರಡೂ ಒಂದೇ ಪ್ರಶ್ನೆ ಅಂತ ಆಗಿನಿಂದಲೂ ಅನ್ನಿಸುತ್ತೆ. ಬರೀ ಮಾತಾಡೋಕೆ ಇಟ್ಟುಕೊಂಡ ಫೋನ್ ಜೇಬಿನಲ್ಲೇ ಇರುತ್ತೆ. ಮೇಲ್‌ಗೆ ಅಂತ ಕೊಂಡ ಫೋನ್ ದಿನವಿಡೀ ಕೈಗೆ ಬರುತ್ತೆ. ಮೆಟ್ಟಿಲು ಇಳಿಯುವಾಗ, ಒಂದು ಕೈಯಲ್ಲಿ ಚೀಲ ಇದ್ದಾಗ, ತುಂತುರು ಮಳೆಯಲ್ಲಿ. ಹೊರಗೆ ತೆಗೆದಾಗಲೆಲ್ಲ ಅದು ಬೀಳಬಹುದು, ನೆನೆಯಬಹುದು, ಉಜ್ಜಬಹುದು. ಅಷ್ಟೇ ಅಲ್ಲ, ಮೇಲ್ ತರುವ ರೀತಿ ಹೇಗಿದೆಯೋ ಬ್ಯಾಟರಿಯ ಆಯಸ್ಸೂ ಹಾಗೇ ಇರುತ್ತೆ. ಬ್ಯಾಟರಿ ಸತ್ತ ಫೋನ್ ಎಷ್ಟು ಗಟ್ಟಿ ಇದ್ದರೇನು?

ಹಾಗಾಗಿ ಮೇಲ್ ಹೇಗೆ ಬರುತ್ತಿತ್ತು ಅನ್ನೋದನ್ನ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಒಂದು ದಾರಿ, ಫೋನೇ ಹೋಗಿ ಕೇಳುವುದು. ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಒಮ್ಮೆ ಫೋನ್ ಎದ್ದು, ನೆಟ್‌ವರ್ಕ್ ಹಿಡಿದು, ಸರ್ವರ್ ಬಾಗಿಲು ತಟ್ಟಿ, ಪಾಸ್‌ವರ್ಡ್ ಹೇಳಿ, ಹೊಸದೇನಾದರೂ ಇದೆಯಾ ಅಂತ ವಿಚಾರಿಸುತ್ತಿತ್ತು. ಇಲ್ಲ ಅಂದರೆ ಸುಮ್ನೆ ವಾಪಸ್ಸು. ಮೇಲ್ ಬಂದಿರಲಿ ಬಿಡಲಿ, ರೇಡಿಯೋ ಏಳಿಸಿದ ಖರ್ಚು ಖರ್ಚೇ. ಜಿಪಿಆರ್‌ಎಸ್ ಅನ್ನುವ ಆಗಿನ ಮಂದ ಮೊಬೈಲ್ ಇಂಟರ್ನೆಟ್ ಕಾಲದಲ್ಲಿ ಈ ಓಡಾಟ ನಿಧಾನವೂ ಹೌದು, ಬ್ಯಾಟರಿಗೆ ಭಾರವೂ ಹೌದು. ಬೇಗ ಮೇಲ್ ಬೇಕು ಅಂದರೆ ಜಾಸ್ತಿ ಸಲ ಕೇಳಬೇಕು. ಜಾಸ್ತಿ ಸಲ ಕೇಳಿದರೆ ಮಧ್ಯಾಹ್ನಕ್ಕೆಲ್ಲ ಚಾರ್ಜರ್ ಹುಡುಕಬೇಕು. ಅದರ ಮೇಲೆ ಪಿಒಪಿ ಅನ್ನುವ ಹಳೆಯ ಪದ್ಧತಿಯಲ್ಲಿ ಮೇಲ್ ಇಳಿಸಿಕೊಳ್ಳುವ ಅಕೌಂಟ್ ಆಗಿದ್ದರೆ ಇನ್ನೊಂದು ತಲೆನೋವು. ಫೋನಿನಲ್ಲಿ ಓದಿದ್ದು ಕಂಪ್ಯೂಟರಿಗೆ ತಿಳಿಯುತ್ತಿರಲಿಲ್ಲ, ಓದಿದ್ದನ್ನೇ ಅಲ್ಲಿ ಮತ್ತೆ ಓದಬೇಕು. ಐಮ್ಯಾಪ್ ಅನ್ನುವ ಇನ್ನೊಂದು ಪದ್ಧತಿಯಲ್ಲಿ ಆ ಗೋಳಿಲ್ಲ, ಮೇಲ್ ಸರ್ವರ್‌ನಲ್ಲೇ ಇರುತ್ತೆ. ಅದರಲ್ಲಿ 1997ರಿಂದಲೇ ಐಡಲ್ ಅನ್ನುವ ಒಂದು ಸೌಕರ್ಯವೂ ಇದೆ. ಸಂಪರ್ಕವನ್ನು ತೆರೆದಿಟ್ಟರೆ, ಹೊಸ ಮೇಲ್ ಬಂದಾಗ ಸರ್ವರೇ ಹೇಳುತ್ತೆ. ಆದರೆ ಆ ಸಂಪರ್ಕವನ್ನು 29 ನಿಮಿಷಕ್ಕೊಮ್ಮೆಯಾದರೂ ಹೊಸದು ಮಾಡುತ್ತಿರಬೇಕು ಅಂತ ಅದರ ನಿಯಮವೇ ಹೇಳುತ್ತೆ. ಮೊಬೈಲ್ ನೆಟ್‌ವರ್ಕ್‌ಗಳೋ, ಸುಮ್ಮನಿರುವ ಸಂಪರ್ಕವನ್ನು ಅದಕ್ಕಿಂತ ಎಷ್ಟೋ ಮುಂಚೆಯೇ ಕಡಿದು ಹಾಕುತ್ತಿದ್ದವು.

ಇನ್ನೊಂದು ದಾರಿ ಬ್ಲ್ಯಾಕ್‌ಬೆರಿಯದು. ಕೆನಡಾದ ವಾಟರ್ಲೂ ಊರಿನ ರಿಸರ್ಚ್ ಇನ್ ಮೋಷನ್ ಕಂಪನಿ 1999ರಲ್ಲಿ ತಂದ ಬ್ಲ್ಯಾಕ್‌ಬೆರಿ 850 ಫೋನೇ ಅಲ್ಲ, ಅದೊಂದು ಪೇಜರ್. ಒಂದೇ ಒಂದು ಎಎ ಸೆಲ್ಲಿನಲ್ಲಿ ವಾರಗಟ್ಟಲೆ ಓಡುತ್ತಿತ್ತು. ಅದು ಸಾಧ್ಯವಾಗಿದ್ದು ಹೇಗೆ ಅಂದರೆ, ಅದು ತಾನಾಗಿ ಹೋಗಿ ಸರ್ವರನ್ನು ಕೇಳುತ್ತಿರಲಿಲ್ಲ. ಆಫೀಸಿನ ಮೇಲ್ ಸರ್ವರ್ ಪಕ್ಕದಲ್ಲೇ ಬ್ಲ್ಯಾಕ್‌ಬೆರಿಯ ಇನ್ನೊಂದು ಸರ್ವರ್ ಕೂತಿರುತ್ತಿತ್ತು. ಮೇಲ್ ಬಂದ ಕೂಡಲೇ ಅದನ್ನು ಹಿಂಡಿ ಚಿಕ್ಕದು ಮಾಡಿ, ಬೀಗ ಹಾಕಿ, ಕಂಪನಿಯ ಡೇಟಾ ಸೆಂಟರ್ ಮೂಲಕ ಫೋನಿಗೆ ತಳ್ಳುತ್ತಿತ್ತು. ಅದೂ ಪೂರ್ತಿ ಮೇಲ್ ಅಲ್ಲ, ಮೊದಲ 2 ಕಿಲೋಬೈಟ್ ಆಸುಪಾಸು. ಓದುತ್ತಾ ಕೆಳಗೆ ಹೋದರೆ ಮಾತ್ರ ಮುಂದಿನ ತುಂಡು ಬರುತ್ತಿತ್ತು. ಯೋಚಿಸಿ ನೋಡಿ, ಎಷ್ಟು ಮೇಲ್‌ಗಳನ್ನು ನಾವು ಮೊದಲೆರಡು ಸಾಲು ನೋಡಿ ಬಿಟ್ಟುಬಿಡುತ್ತೇವೆ ಅಲ್ವಾ? ಆ ಉಳಿದ ಭಾಗವನ್ನು ಗಾಳಿಯಲ್ಲಿ ತರಿಸಿಕೊಳ್ಳುವ ಖರ್ಚೇ ಇಲ್ಲ. ಈ ಲೆಕ್ಕಾಚಾರ ನನಗೆ ಇವತ್ತಿಗೂ ಬಹಳ ಇಷ್ಟ. ಮೇಲ್ ಬೇಗ ಬರಬೇಕು, ಬ್ಯಾಟರಿಯೂ ಬಾಳಬೇಕು ಅನ್ನುವ ಎರಡೂ ಬೇಡಿಕೆಯನ್ನು ಒಂದೇ ಏಟಿಗೆ ಪೂರೈಸಿದ ಯೋಚನೆ ಅದು.

ಅದರ ಬೆಲೆ ಜನಕ್ಕೆ ಗೊತ್ತಾಗಿದ್ದು 2001ರ ಸೆಪ್ಟೆಂಬರ್ 11ರಂದು. ನ್ಯೂಯಾರ್ಕ್, ವಾಷಿಂಗ್ಟನ್‌ಗಳಲ್ಲಿ ಫೋನ್ ಕರೆಗಳ ಲೈನ್ ತುಂಬಿ ಹೋಗಿ ಯಾರಿಗೂ ಯಾರೂ ಸಿಗದಿದ್ದಾಗ, ಬೇರೆಯದೇ ಡೇಟಾ ನೆಟ್‌ವರ್ಕ್ ಮೇಲೆ ಓಡುತ್ತಿದ್ದ ಬ್ಲ್ಯಾಕ್‌ಬೆರಿಗಳು ಸಂದೇಶ ತಲುಪಿಸುತ್ತಲೇ ಇದ್ದವು.

ಬ್ಲ್ಯಾಕ್‌ಬೆರಿಯ ಮೈಕಟ್ಟೂ ಮೇಲ್‌ಗೆ ತಕ್ಕ ಹಾಗೇ ಇತ್ತು. ಎರಡು ಹೆಬ್ಬೆರಳಿಗೆ ಹೊಂದುವ ಕೀಗಳು. ತೆರೆಯುವ, ಜಾರುವ ಭಾಗವಿಲ್ಲದ ಪ್ಲಾಸ್ಟಿಕ್ ಮೈ. 2004ರ 7290ರ ಪರದೆ ನೋಡೋಕೆ ಮಂಕು. ಆದರೆ ನಡು ಮಧ್ಯಾಹ್ನದ ಬಿಸಿಲಿನಲ್ಲಿ ಹಿಂಬದಿ ಬೆಳಕಿಲ್ಲದೆಯೂ ಸಲೀಸಾಗಿ ಓದಬಹುದಿತ್ತು. ಸೊಂಟಕ್ಕೆ ಸಿಕ್ಕಿಸುವ ಹೋಲ್‌ಸ್ಟರ್ ಒಳಗೆ ಒಂದು ಸಣ್ಣ ಅಯಸ್ಕಾಂತ ಇರುತ್ತಿತ್ತು. ಫೋನನ್ನು ಅದರೊಳಗೆ ಇಳಿಸಿದರೆ ಫೋನಿಗೆ ಗೊತ್ತಾಗಿ ಪರದೆ ಆರುತ್ತೆ, ಹೊರಗೆಳೆದರೆ ತಾನೇ ಬೆಳಗುತ್ತೆ. ಒಳಗಿದ್ದಾಗ ಮೇಲ್ ಬಂದರೆ ನಡುಗಲಿ, ಹೊರಗಿದ್ದಾಗ ಬರೀ ಸದ್ದು ಮಾಡಲಿ ಅಂತಲೂ ಹೇಳಿಡಬಹುದಿತ್ತು. ಫೋನನ್ನು ಕಾಪಾಡುವ ಚೀಲವೇ ಬ್ಯಾಟರಿಯನ್ನೂ ಉಳಿಸುತ್ತಿತ್ತು. ಬಾಳಿಕೆಯ ಬಗ್ಗೆ ಇಷ್ಟು ಯೋಚಿಸಿ ಮಾಡಿದ ವಸ್ತು ಕೈಗೆ ಸಿಕ್ಕರೆ ಮನಸ್ಸಿಗೆ ಒಂಥರಾ ನೆಮ್ಮದಿ.

ಆಮೇಲೆ 2006ರಲ್ಲಿ ಪರ್ಲ್ 8100 ಬಂತು, ಅದರ ಜೊತೆ ಟ್ರ್ಯಾಕ್‌ಬಾಲ್. ಹಳೆಯ ಮಾಡೆಲ್‌ಗಳಲ್ಲಿ ಪಕ್ಕದಲ್ಲಿದ್ದ ಚಕ್ರ ಮೇಲೆ ಕೆಳಗೆ ಮಾತ್ರ ಹೋಗುತ್ತಿತ್ತು, ಈ ಗುಂಡು ನಾಲ್ಕೂ ಕಡೆ ಹೋಗುತ್ತೆ. ಚೆಂದವಾಗಿತ್ತು, ಒಳಗಿಂದ ಬೆಳಕೂ ಬರುತ್ತಿತ್ತು. ಆದರೆ ಬೆರಳಿನ ಜಿಡ್ಡು, ಜೇಬಿನ ಧೂಳು ಎಲ್ಲ ಆ ಗುಂಡಿನ ಸುತ್ತ ಕೂರುತ್ತಿತ್ತು. ಗುಂಡಿನ ನಾಲ್ಕೂ ಬದಿಗೆ ಪುಟ್ಟ ಉರುಳೆಗಳಿರುತ್ತವೆ, ಗುಂಡು ತಿರುಗಿದರೆ ಅವು ತಿರುಗಬೇಕು. ಒಂದು ಉರುಳೆಗೆ ಕೊಳೆ ಮೆತ್ತಿಕೊಂಡರೆ ಆ ಕಡೆಗೆ ಕರ್ಸರ್ ಹೋಗುವುದೇ ಇಲ್ಲ. ಎಡಕ್ಕೆ, ಬಲಕ್ಕೆ, ಮೇಲಕ್ಕೆ ಸಲೀಸು, ಕೆಳಕ್ಕೆ ಮಾತ್ರ ಇಲ್ಲ. ಮೇಲ್ ಓದೋಕೆ ಬೇಕಾಗಿದ್ದೇ ಕೆಳಕ್ಕೆ! ಕಾಗದದ ಮೇಲೆ ಗುಂಡನ್ನು ಒತ್ತಿ ಉರುಳಿಸುವುದು, ಸುತ್ತಲಿನ ಉಂಗುರ ಬಿಚ್ಚಿ ಹತ್ತಿಯಿಂದ ಒರೆಸುವುದು, ಇದೆಲ್ಲ ಆ ಫೋನ್ ಇಟ್ಟುಕೊಂಡವರಿಗೆ ಅಭ್ಯಾಸವಾಗಿ ಹೋಗಿತ್ತು. ಕೊನೆಗೆ 2009ರ ಕರ್ವ್ 8520ರಲ್ಲಿ ಗುಂಡು ತೆಗೆದು, ಅಲುಗಾಡದ ಟ್ರ್ಯಾಕ್‌ಪ್ಯಾಡ್ ಹಾಕಿದರು. ಅಲ್ಲಿಗೆ ಆ ಕಾಟ ನಿಂತಿತು. ಅಲುಗಾಡುವ ಭಾಗ ಎಷ್ಟು ಕಡಿಮೆಯೋ ಬಾಳಿಕೆ ಅಷ್ಟು ಜಾಸ್ತಿ. ಮಡಚುವ, ಜಾರುವ ಫೋನ್‌ಗಳಿಗೂ ಇದೇ ಮಾತು. ಅವುಗಳ ಎರಡು ಭಾಗವನ್ನು ಕೂಡಿಸುವ ತೆಳು ಫ್ಲೆಕ್ಸ್ ಕೇಬಲ್ ಬಾಗಿ ಬಾಗಿ ಸವೆಯುತ್ತೆ. ಒಂದು ದಿನ ಪರದೆ ಬೆಳ್ಳಗಾಗಿ ಕೂರುತ್ತೆ.

ಪಾಮ್ ಸಾಫ್ಟ್‌ವೇರ್ ಓಡಿಸುವ ಟ್ರಿಯೊ ಫೋನ್‌ಗಳ ಬಗ್ಗೆ ಒಳ್ಳೆಯ ಮಾತು ಬಹಳ ಇದೆ. ಹ್ಯಾಂಡ್‌ಸ್ಪ್ರಿಂಗ್ ಕಂಪನಿ 2003ರಲ್ಲಿ ಟ್ರಿಯೊ 600 ತಂದಿತು, ಅದೇ ವರ್ಷ ಆ ಕಂಪನಿ ಪಾಮ್ ಜೊತೆ ಸೇರಿತು. ಕ್ಯಾಲೆಂಡರ್, ವಿಳಾಸ, ಟಿಪ್ಪಣಿ ಈ ಮೂರರಲ್ಲಿ ಪಾಮ್‌ನ ಸರಳತೆಗೆ ಸಾಟಿಯೇ ಇರಲಿಲ್ಲ. ಒಂದೇ ಕೈಯಲ್ಲಿ ಹಿಡಿದು ಎಲ್ಲ ಕೆಲಸ ಮುಗಿಸಬಹುದಿತ್ತು. ಆದರೆ ಟ್ರಿಯೊ 600 ವಿಷಯದಲ್ಲಿ ನನ್ನನ್ನು ಹಿಂದಕ್ಕೆ ಎಳೆದದ್ದು ಅದರ ಹೊರಮೈ ಅಲ್ಲ, ಮೆಮೊರಿ. ಅದರಲ್ಲಿ ಎಲ್ಲವೂ ಇರುತ್ತಿದ್ದದ್ದು ರ‍್ಯಾಮ್‌ನಲ್ಲಿ. ಕರೆಂಟ್ ಇರುವವರೆಗೆ ಮಾತ್ರ ರ‍್ಯಾಮ್‌ಗೆ ನೆನಪು. ಬ್ಯಾಟರಿ ಪೂರ್ತಿ ಬರಿದಾದರೆ ವಿಳಾಸ, ಟಿಪ್ಪಣಿ, ಇಳಿಸಿಕೊಂಡ ಮೇಲ್ ಎಲ್ಲ ಅಳಿಸಿ ಹೋಗುತ್ತಿತ್ತು. ಫೋನಿಗೆ ಒಂದು ಗೀರೂ ಬಿದ್ದಿರುವುದಿಲ್ಲ, ಒಳಗೆ ಮಾತ್ರ ಏನೂ ಇರುವುದಿಲ್ಲ. ಕಂಪ್ಯೂಟರಿಗೆ ಜೋಡಿಸಿ ಹಾಟ್‌ಸಿಂಕ್ ಮಾಡಿಟ್ಟಿದ್ದರೆ ಬಚಾವು. ಊರು ಬಿಟ್ಟು ಹೋದಾಗ ಹಾಗಾದರೆ? ಬ್ಯಾಟರಿ ಬದಲಿಸೋಣ ಅಂದರೆ ಅದು ಒಳಗೇ ಮುಚ್ಚಿ ಹೋಗಿತ್ತು. 2004ರ ಟ್ರಿಯೊ 650ರಲ್ಲಿ ಎರಡನ್ನೂ ಸರಿ ಮಾಡಿದರು. ಕರೆಂಟ್ ಹೋದರೂ ಅಳಿಸದ ಮೆಮೊರಿ, ಹೊರಗೆ ತೆಗೆಯಬಹುದಾದ ಬ್ಯಾಟರಿ. ಜೊತೆಗೆ 160ರ ಬದಲು 320 ಬೈ 320 ಪರದೆ. ಒಳ್ಳೆಯ ಫೋನ್ ಅಂತ ಧಾರಾಳವಾಗಿ ಹೇಳಬಹುದಾಗಿದ್ದದ್ದು ಇದನ್ನು.

ವಿಂಡೋಸ್ ಮೊಬೈಲ್‌ದೂ ಇದೇ ಕಥೆ. ಪಾಕೆಟ್ ಪಿಸಿ ಅನ್ನುತ್ತಿದ್ದ ಅದರ ಹಳೆಯ ಸಾಧನಗಳಲ್ಲೂ ಬ್ಯಾಟರಿ ಹೋದರೆ ಎಲ್ಲ ಹೋಗುತ್ತಿತ್ತು, 2005ರ ವಿಂಡೋಸ್ ಮೊಬೈಲ್ 5ರಿಂದ ಆ ಭಯ ಹೋಯಿತು. ಅವರ ಮೇಲ್ ಕಥೆ ಇನ್ನೂ ಸ್ವಾರಸ್ಯ. ಮೊದಲು ಎಕ್ಸ್‌ಚೇಂಜ್ ಅನ್ನುವ ಮೈಕ್ರೋಸಾಫ್ಟ್‌ನ ಆಫೀಸ್ ಮೇಲ್ ಸರ್ವರ್ ಫೋನಿಗೆ ಒಂದು ಎಸ್‌ಎಂಎಸ್ ಕಳಿಸುತ್ತಿತ್ತು, ಅದನ್ನು ನೋಡಿ ಫೋನ್ ಎದ್ದು ಮೇಲ್ ತರುತ್ತಿತ್ತು. ಎಕ್ಸ್‌ಚೇಂಜ್ 2003ರ ಎರಡನೇ ಸರ್ವಿಸ್ ಪ್ಯಾಕ್ ಬಂದ ಮೇಲೆ ಎಸ್‌ಎಂಎಸ್ ಬಿಟ್ಟು, ಒಂದು ಸಂಪರ್ಕವನ್ನು ಹಲವು ನಿಮಿಷ ತೆರೆದಿಡುವ ಡೈರೆಕ್ಟ್ ಪುಶ್ ಶುರುವಾಯಿತು. ನಡುವೆ ಮೂರನೆಯವರ ಡೇಟಾ ಸೆಂಟರ್ ಬೇಕಿಲ್ಲ, ಫೋನ್ ನೇರವಾಗಿ ಆಫೀಸಿನ ಸರ್ವರ್ ಜೊತೆಗೇ ಮಾತಾಡುತ್ತೆ. ಇದು ಸಣ್ಣ ವಿಷಯ ಅಲ್ಲ, ಮುಂದೆ ಹೇಳುತ್ತೇನೆ. ಆದರೆ ಆ ಫೋನ್‌ಗಳ ಪರದೆಗಳದ್ದೇ ಸಮಸ್ಯೆ. ರೆಸಿಸ್ಟಿವ್ ಟಚ್ ಅಂದರೆ ಮೇಲಿನ ಪ್ಲಾಸ್ಟಿಕ್ ಪದರ ಬಾಗಿ ಕೆಳಗಿನದನ್ನು ಮುಟ್ಟಬೇಕು. ಅದು ಒಡೆಯುವುದು ಕಡಿಮೆ, ಗೀರು ಬೀಳುವುದು ಜಾಸ್ತಿ. ಸ್ಟೈಲಸ್ ಆಡಿದ ಜಾಗದಲ್ಲಿ ಸವೆದು, ಒತ್ತಿದ್ದು ಒಂದು ಕಡೆ, ತಗೊಂಡಿದ್ದು ಇನ್ನೊಂದು ಕಡೆ ಆಗುತ್ತಿತ್ತು.

ಇನ್ನು ನನ್ನ ಮನಸ್ಸಿಗೆ ಹತ್ತಿರದ ಫೋನ್. 2008ರ ನೋಕಿಯಾ ಇ71.

ಅದರ ಹಿಂದೆ ಉದ್ದನೆಯ ವಂಶಾವಳಿ ಇದೆ. 1996ರಲ್ಲೇ ನೋಕಿಯಾ 9000 ಕಮ್ಯುನಿಕೇಟರ್ ಅನ್ನುವ, ಒಳಗೆ ಕೀಬೋರ್ಡ್ ಇದ್ದ ಭಾರದ ಫೋನ್ ಬಂದಿತ್ತು. 2006ರಲ್ಲಿ ಅಗಲ ಮುಖದ ಇ61. ಅದರ ಮುಂದಿನ ಹೆಜ್ಜೆ ಇ71. ತೂಕ 127 ಗ್ರಾಂ, ದಪ್ಪ 10 ಮಿಲಿಮೀಟರ್, ಬೆನ್ನಿಗೆ ಉಕ್ಕಿನ ಮುಚ್ಚಳ. ಎರಡೂ ಪಕ್ಕದ ಗುಂಡಿ ಒತ್ತಿದರೆ ಮುಚ್ಚಳ ಕೈಗೆ ಬರುತ್ತೆ, ಒಳಗೆ 1500 ಎಂಎಎಚ್ ಬ್ಯಾಟರಿ. ಆ ಕಾಲಕ್ಕೆ ಅದು ದೊಡ್ಡ ಬ್ಯಾಟರಿಯೇ. ಲಿಥಿಯಂ ಬ್ಯಾಟರಿ ಯಾವುದೇ ಆಗಲಿ, ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಸೊರಗಲೇಬೇಕು. ಅದನ್ನು ಉಗುರಿನಿಂದ ಎಬ್ಬಿಸಿ ಹೊಸದು ಹಾಕಬಹುದು ಅಂದರೆ ಫೋನಿನ ಆಯಸ್ಸು ಬ್ಯಾಟರಿಯ ಆಯಸ್ಸಿಗೆ ಕಟ್ಟುಬೀಳುವುದಿಲ್ಲ. ಚಾರ್ಜ್ ಮಾಡೋಕೆ 2 ಮಿಲಿಮೀಟರಿನ ದುಂಡು ಪಿನ್, ಡೇಟಾಗೆ ಬೇರೆ ಮೈಕ್ರೋ ಯುಎಸ್‌ಬಿ. ಯುಎಸ್‌ಬಿಯಲ್ಲೇ ಚಾರ್ಜ್ ಆಗಲ್ಲ ಅಂತ ಬೈದವರು ಬಹಳ. ನನಗೆ ಅದು ಒಳ್ಳೆಯದೇ ಅನ್ನಿಸಿತ್ತು. ದಿನಾ ಚುಚ್ಚಿ ತೆಗೆಯುವ ಕೆಲಸ ದುಂಡು ಪಿನ್ನಿಗೆ ಹೋಯಿತು. ಅದಕ್ಕೆ ಮೇಲು ಕೆಳಗು ಇಲ್ಲ, ಕತ್ತಲಲ್ಲೂ ಸರಿಯಾಗಿ ಕೂರುತ್ತೆ, ತಪ್ಪು ಕಡೆಯಿಂದ ತಳ್ಳಿ ತೂತು ಹಾಳು ಮಾಡುವ ಪ್ರಶ್ನೆಯೇ ಇಲ್ಲ.

ಕೀಬೋರ್ಡ್ ಬಗ್ಗೆ ಒಂದು ಮಾತು ಹೇಳದಿದ್ದರೆ ಇ71ಕ್ಕೆ ಅನ್ಯಾಯವಾಗುತ್ತೆ. ಫೋನ್ ಅಷ್ಟು ಸಪೂರ, ಅದರೊಳಗೆ ಪೂರ್ತಿ ಅಕ್ಷರಮಾಲೆ. ನೋಡಿದರೆ ಇದರಲ್ಲಿ ಟೈಪ್ ಮಾಡೋಕಾಗುತ್ತಾ ಅನ್ನಿಸುತ್ತೆ. ಆದರೆ ಒಂದೊಂದು ಕೀಯೂ ನಡುವಲ್ಲಿ ಉಬ್ಬಿದೆ. ಹೆಬ್ಬೆರಳಿನ ತುದಿಗೆ ಸಿಗುವುದು ಆ ಉಬ್ಬು ಮಾತ್ರ, ಪಕ್ಕದ ಕೀ ತಾಗಲ್ಲ. ಒತ್ತಿದಾಗ ಸಣ್ಣ ಗಟ್ಟಿ ಸದ್ದು, ಬೆರಳಿಗೂ ಗೊತ್ತಾಗುತ್ತೆ. ಎರಡು ಮೂರು ದಿನದಲ್ಲಿ ಕಣ್ಣು ಪರದೆಯ ಮೇಲೆ, ಬೆರಳು ತಾನೇ ಓಡುತ್ತಿತ್ತು. ಮೇಲ್‌ಗೆ ಉತ್ತರ ಬರೆಯುವಾಗ ಕೊನೆಗೆ 'ನೋಡಿ ಹೇಳ್ತೀನಿ' ಅಂತ ಒಂದು ಸಾಲಿನಲ್ಲಿ ಕೈ ತೊಳೆದುಕೊಳ್ಳದೆ, ನಾಲ್ಕು ಸಾಲು ವಿವರವಾಗಿ ಬರೆಯುವ ಮನಸ್ಸು ಬರುತ್ತಿತ್ತು. ಓದೋಕೆ ಮಾತ್ರ ಆಗುವ ಮೇಲ್ ಫೋನ್ ಅರ್ಧ ಫೋನ್. ಬರೆಯೋಕೂ ಆಗಬೇಕು.

ಮೇಲ್ ತಾನಾಗಿ ಫೋನಿಗೆ ಬಂದು ಸೇರುವ ಪುಶ್ ವಿಷಯದಲ್ಲಿ ಇ71 ಬ್ಲ್ಯಾಕ್‌ಬೆರಿಗೆ ಸಮ ಅಲ್ಲ, ಅದನ್ನು ಒಪ್ಪಬೇಕು. ಎಕ್ಸ್‌ಚೇಂಜ್ ಇದ್ದವರಿಗೆ ನೋಕಿಯಾದ ಮೇಲ್ ಫಾರ್ ಎಕ್ಸ್‌ಚೇಂಜ್ ಇತ್ತು. ಉಳಿದವರಿಗೆ ಸಾದಾ ಐಮ್ಯಾಪ್. ಮೇಲ್ ನಾಲ್ಕು ನಿಮಿಷ ತಡವಾಗಬಹುದು. ತಡವಾದರೆ ಮುಳುಗಿ ಹೋಗುವ ಕೆಲಸ ನಮ್ಮಲ್ಲಿ ಎಷ್ಟು ಜನಕ್ಕಿದೆ?

2007ರ ಜೂನ್‌ನಲ್ಲಿ ಐಫೋನ್ ಬಂದಾಗ ಮೇಲ್ ದೃಷ್ಟಿಯಿಂದ ಅದು ಹಿಂದೆಯೇ ಇತ್ತು. ಎಕ್ಸ್‌ಚೇಂಜ್ ಬೆಂಬಲ ಸಿಕ್ಕಿದ್ದು ಮುಂದಿನ ವರ್ಷದ ಜುಲೈನಲ್ಲಿ. ಒಂದು ಕಡೆಯ ಸಾಲನ್ನು ಕಾಪಿ ಮಾಡಿ ಇನ್ನೊಂದು ಕಡೆ ಅಂಟಿಸಲು 2009ರವರೆಗೆ ಕಾಯಬೇಕಾಯಿತು. ಬ್ಯಾಟರಿಗೆ ಬೆಸುಗೆ ಹಾಕಿದ್ದರು. ಆದರೆ ಒಂದು ವಿಷಯಕ್ಕೆ ಅದನ್ನು ಮೆಚ್ಚುತ್ತೇನೆ. ಮೊದಲು ಪ್ಲಾಸ್ಟಿಕ್ ಪರದೆ ಅಂತಿದ್ದದ್ದನ್ನು, ಮಾರಾಟಕ್ಕೆ ಕೆಲವೇ ದಿನ ಮುಂಚೆ ಗಾಜು ಅಂತ ಪ್ರಕಟಿಸಿದರು. ಜೇಬಿನ ಕೀಲಿಕೈ ಗೀರಬಾರದು ಅನ್ನೋದು ಮೇಲಾಯಿತು, ಬಿದ್ದರೆ ಒಡೆಯುತ್ತೆ ಅನ್ನೋದು ಹಿಂದಾಯಿತು. ಇಡೀ ಫೋನ್ ಉದ್ಯಮ ಆ ಆಯ್ಕೆಯ ಹಿಂದೆಯೇ ಹೋಯಿತು. ಪರದೆಯಲ್ಲಿ ಮೇಲ್ ಪೂರ್ತಿಯಾಗಿ, ಚಿತ್ರ ಸಮೇತ, ಕಳಿಸಿದವರು ಹೇಗೆ ಕಳಿಸಿದರೋ ಹಾಗೇ ಕಾಣಿಸುತ್ತಿತ್ತು. ಅದರ ಮುಂದೆ ಹೆಚ್ಚಿನ ಜನಕ್ಕೆ ಬೇರೆ ಯಾವ ಲೆಕ್ಕವೂ ಮುಖ್ಯ ಅನ್ನಿಸಲಿಲ್ಲ.

ಬಾಳಿಕೆ ಅಂದ ಕೂಡಲೇ ನಾವೆಲ್ಲ ಯೋಚಿಸುವುದು ಬೀಳುವುದು, ನೆನೆಯುವುದು, ಸವೆಯುವುದು. ಫೋನ್ ಕೈಯಲ್ಲಿದೆ, ಹಾಗಾಗಿ ಅದರ ಗತಿಯೂ ನಮ್ಮ ಕೈಯಲ್ಲೇ ಇದೆ ಅಂದುಕೊಳ್ಳುತ್ತೇವೆ. ಮೇಲ್ ಫೋನಿನ ಅರ್ಧ ಭಾಗ ಇರುವುದು ಎಲ್ಲೋ ದೂರದ ಸರ್ವರ್‌ನಲ್ಲಿ. 2011ರ ಅಕ್ಟೋಬರ್‌ನಲ್ಲಿ ಬ್ಲ್ಯಾಕ್‌ಬೆರಿಯ ಜಾಲದಲ್ಲಿ ಒಂದು ಮುಖ್ಯ ಸ್ವಿಚ್ ಕೆಟ್ಟಿತು, ಅದರ ಬದಲಿ ವ್ಯವಸ್ಥೆಯೂ ಕೈಕೊಟ್ಟಿತು. ಯುರೋಪ್, ಆಫ್ರಿಕಾ, ಮಧ್ಯಪ್ರಾಚ್ಯ, ಭಾರತ, ಆಮೇಲೆ ಅಮೆರಿಕ ಖಂಡಗಳಲ್ಲೂ ಸುಮಾರು ಮೂರು ದಿನ ಮೇಲ್ ಪರದಾಡಿತು. ಎಲ್ಲರ ಕೈಯಲ್ಲೂ ಫೋನ್ ಚೆನ್ನಾಗಿಯೇ ಇತ್ತು. ಮೇಲ್ ಬೇಗ ಬರುವ ಹಾಗೆ, ಬ್ಯಾಟರಿ ಉಳಿಯುವ ಹಾಗೆ ಮಾಡಿದ ಆ ಒಂದೇ ದಾರಿ ಕಟ್ಟಿಕೊಂಡಾಗ ಬೇರೆ ದಾರಿಯೇ ಇರಲಿಲ್ಲ. 2022ರ ಜನವರಿ 4ರಂದು ಹಳೆಯ ಬ್ಲ್ಯಾಕ್‌ಬೆರಿ ಆಪರೇಟಿಂಗ್ ಸಿಸ್ಟಂಗಳ ಸೇವೆಯನ್ನೇ ನಿಲ್ಲಿಸಲಾಯಿತು. ಅಂದಿನಿಂದ ಅವುಗಳಲ್ಲಿ ಡೇಟಾ ಇರಲಿ, ಕರೆ, ಎಸ್‌ಎಂಎಸ್ ಕೂಡ ನೆಟ್ಟಗೆ ನಡೆಯುವ ಭರವಸೆ ಇಲ್ಲ ಅಂತ ಕಂಪನಿಯೇ ಹೇಳಿತು. ವರ್ಷಗಟ್ಟಲೆ ಬಿದ್ದೆದ್ದರೂ ಕೆಡದ ಬ್ಲ್ಯಾಕ್‌ಬೆರಿ ಬೋಲ್ಡ್ 9000, ಒಂದು ದಿನಾಂಕಕ್ಕೆ ಸೋತಿತು.

ಹಾಗಾದರೆ ಇ71 ಉಳಿಯಿತಾ? ಮೇಲ್ ಅದರಲ್ಲೂ ನಿಂತಿತು. ಕಾರಣ ಬೇರೆ. ಸರ್ವರ್ ಜೊತೆ ಗುಟ್ಟಾಗಿ ಮಾತಾಡಲು ಅದಕ್ಕೆ ಗೊತ್ತಿರುವುದು ಟಿಎಲ್‌ಎಸ್ 1.0 ಮಾತ್ರ. ಅದು ಸುರಕ್ಷಿತ ಅಲ್ಲ ಅಂತಾಗಿ, 1.0 ಮತ್ತು 1.1 ಎರಡನ್ನೂ 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಕೈಬಿಡಲಾಯಿತು. ದೊಡ್ಡ ಮೇಲ್ ಸೇವೆಗಳು ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವ ಹಳೆಯ ಪದ್ಧತಿಯನ್ನೂ ಒಂದೊಂದಾಗಿ ಮುಚ್ಚಿದವು. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಬೀಗ ಹಳೆಯದಾದರೆ ಬದಲಿಸಲೇಬೇಕು.

ಆದರೂ ಈ ಎರಡು ಸಾವೂ ಒಂದೇ ಅಲ್ಲ. ಬ್ಲ್ಯಾಕ್‌ಬೆರಿ ಕಾಯುತ್ತಿದ್ದದ್ದು ಒಂದೇ ಕಂಪನಿಯ, ಅವರಿಗಷ್ಟೇ ಗೊತ್ತಿದ್ದ ಸೇವೆಯನ್ನು. ಅದು ನಿಂತ ಮೇಲೆ ಹೊರಗಿನವರು ಕೈ ಹಾಕೋಕೆ ಜಾಗವೇ ಇಲ್ಲ. ಇ71 ಮಾತಾಡುವುದು ಐಮ್ಯಾಪ್. ಅದರ ನಿಯಮಗಳು ಎಲ್ಲರಿಗೂ ತೆರೆದಿವೆ. ಮನೆಯ ಒಂದು ಹಳೆ ಕಂಪ್ಯೂಟರಿನಲ್ಲಿ ಪುಟ್ಟ ಪ್ರಾಕ್ಸಿ, ಅಂದರೆ ನಡುವೆ ನಿಂತು ಮಾತು ದಾಟಿಸುವ ಪ್ರೋಗ್ರಾಂ, ಓಡಿಸಿ, ಈ ಕಡೆ ಫೋನಿನ ಜೊತೆ ಹಳೆಯ ಭಾಷೆ, ಆ ಕಡೆ ಸರ್ವರ್ ಜೊತೆ ಹೊಸ ಬೀಗ ಅಂತ ಮಾಡಿದರೆ, ಮನೆಯ ವೈಫೈ ಒಳಗಾದರೂ ಆ ಫೋನಿನಲ್ಲಿ ಇವತ್ತಿಗೂ ಮೇಲ್ ತೆರೆಯಬಹುದು. ಅಷ್ಟು ಕಷ್ಟಪಡುವವರು ಕಡಿಮೆ, ನಿಜ. ಆದರೆ ಪಡಬೇಕು ಅಂದವರಿಗೆ ದಾರಿ ಇದೆ. 2008ರಲ್ಲಿ ಬೋಲ್ಡ್ 9000 ಮತ್ತು ಇ71 ಪಕ್ಕಪಕ್ಕ ಇಟ್ಟರೆ ಮೇಲ್ ಬರುವ ವೇಗದಲ್ಲಿ ಬೋಲ್ಡ್ ಗೆಲ್ಲುತ್ತಿತ್ತು, ಪರದೆಯಲ್ಲೂ ಗೆಲ್ಲುತ್ತಿತ್ತು. ಇವತ್ತು ಅದೇ ಎರಡನ್ನು ಇಟ್ಟು ಆರಿಸು ಅಂದರೆ ನನ್ನ ಕೈ ಇ71ರ ಕಡೆಗೇ ಹೋಗುತ್ತೆ.